ದಬ್ಬಣದ ಗಾಳ

ನಾನು ಹುಟ್ಟಿದಾಗಿನಿಂದ ಮೀನು ತಿಂದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ‘ಈ ತಿಪ್ಪೇರುದ್ರಪ್ಪನಿಗೆ ಮೀನಿನ ವಿಚಾರ ಇಷ್ಟು ಹೇಗೆ ಗೊತ್ತು’ ಎಂದು ನನ್ನ ಮನೆಯ ಒಲೆಯನ್ನು ಇಣುಕಿ ನೋಡಿಯಾರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಹರಿಹರದ ಹೊಳೆಯ ದಂಡೆಯಲ್ಲಿ, ಗಾಳ ಹಾಕುವವರ ನಡುವೆ, ಅರ್ಧ ಆಯುಷ್ಯ ಕೂತದ್ದಕ್ಕೆ ಕಾರಣ ಇಷ್ಟೆ: ನನ್ನ ಮಂಡಕ್ಕಿ ಅಂಗಡಿ ಅಲ್ಲಿತ್ತು. ಸೇತುವೆಯ ಈಚೆ ದಡದಲ್ಲಿ, ಹೊಳೆಗೆ ಇಳಿಯುವ ಕಾಲುದಾರಿ ಶುರುವಾಗುವ ಕಡೆ, ತಗಡಿನ ಮಾಡು, ಜಾಲಿ ಕಂಬ. ಮಂಡಕ್ಕಿ, ಖಾರ, ಮೆಣಸಿನಕಾಯಿ, ಚಾ, ಬೀಡಿ. ಗಾಳದವರು ನನ್ನಲ್ಲಿ ತಿಂದು, ನನ್ನಲ್ಲಿ ಕುಡಿದು, ನನ್ನ ಅಂಗಡಿಯ ನೆರಳಲ್ಲೇ ಹುಳ ಕಟ್ಟುತ್ತಿದ್ದರು. ಸಂಜೆ ಮನೆಗೆ ಹೋದರೆ ನಮ್ಮವ್ವ ಬಾಗಿಲಲ್ಲೇ ತಡೆದು, ತಲೆಯ ಮೇಲೆ ನೀರು ಸುರಿದು, ಆಮೇಲೆ ಒಳಗೆ ಬಿಡುತ್ತಿದ್ದಳು. ‘ನಾನು ಮುಟ್ಟಿಲ್ಲ ಅವ್ವ’ ಎಂದರೆ, ‘ನೀನು ಮುಟ್ಟಿಲ್ಲ, ವಾಸನೆ ನಿನ್ನ ಮುಟ್ಟೈತೆ’ ಎನ್ನುತ್ತಿದ್ದಳು.

ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಒಂದು ಹುರಿ ಕಟ್ಟಿತ್ತು. ಅದರ ತುಂಬ ತುಕ್ಕು ಹಿಡಿದ ಗಾಳಗಳು. ದಾವಣಗೆರೆಯಿಂದ ಹೊಸದಾಗಿ ಬಂದವರು ಅದನ್ನು ದೃಷ್ಟಿಗೆ ಕಟ್ಟಿದ್ದು ಅಂದುಕೊಳ್ಳುತ್ತಿದ್ದರು. ಅಸಲು ಸಂಗತಿ ಬೇರೆ. ಹೊಳೆಯ ಮೀನು ಗಾಳ ಕಚ್ಚಿಕೊಂಡು, ದಾರ ಹರಿದುಕೊಂಡು ಹೋಗುವುದು ಹೊಸ ಸುದ್ದಿಯೇನಲ್ಲ. ಹಾಗೆ ಹೋದ ಮೀನು ಸಾಯಲೇಬೇಕೆಂದೂ ಇಲ್ಲ. ಬಾಯಲ್ಲಿ ಕಬ್ಬಿಣ ಇಟ್ಟುಕೊಂಡೇ ಉಂಡು, ಬೆಳೆದು, ಇನ್ಯಾವತ್ತೋ ಇನ್ಯಾರದೋ ಗಾಳಕ್ಕೆ ಬರುತ್ತದೆ. ಕೊಯ್ದರೆ ದವಡೆಯಲ್ಲಿ ಹಳೆಯ ಗಾಳ ಇರುತ್ತದೆ. ಒಂದಕ್ಕೆ ಬಾಲ ಅರ್ಧ ಇಲ್ಲ, ಒಂದರ ಬೆನ್ನಿನ ಮೇಲೆ ಆಮೆ ಕಚ್ಚಿದ ಗುರುತು, ಒಂದಕ್ಕೆ ಒಕ್ಕಣ್ಣು. ನಮ್ಮ ದಂಡೆಯವರು ಮೀನು ಹಿಡಿದ ಮೇಲೆ ಮೊದಲು ನೋಡುತ್ತಿದ್ದುದು ಅದರ ತೂಕವನ್ನಲ್ಲ, ಅದರ ಗಾಯಗಳನ್ನು.

ಆ ದಂಡೆಗೆ ಒಂದು ಕಟ್ಟಳೆ ಇತ್ತು. ನೀನು ಹಿಡಿದ ಮೀನಿನ ಬಾಯಲ್ಲಿ ಬೇರೆಯವನ ಗಾಳ ಸಿಕ್ಕಿತೋ, ಮೀನು ನಿನ್ನದು, ಆದರೆ ತಲೆ ಆ ಗಾಳದವನದು. ಅದಕ್ಕೆ ‘ತಲೆಪಾಲು’ ಎನ್ನುತ್ತಿದ್ದರು. ಮೊದಲು ಹೂಡಿದವನಿಗೆ ಒಂದು ಪಾಲು ಎಂಬ ಮರ್ಯಾದೆ. ಗಾಳ ಯಾರದೆಂದು ಅದರ ಬಾಗು, ಕಟ್ಟು ನೋಡಿಯೇ ಹೇಳುತ್ತಿದ್ದರು. ಗೊತ್ತಾಗದಿದ್ದರೆ ನನ್ನ ಅಂಗಡಿ ಬಾಗಿಲಿನ ಆ ಹುರಿಯ ಸರಕ್ಕೆ ಸಿಕ್ಕಿಸುತ್ತಿದ್ದರು, ಯಾರಾದರೂ ಬಂದು ‘ಇದು ನಂದು’ ಎನ್ನುವವರೆಗೆ. ತಕರಾರು ಬಿದ್ದರೆ ನ್ಯಾಯ ಹೇಳುವವನು ನಾನು. ತಿನ್ನುವವನಿಗೆ ತಲೆಯ ಮೇಲೆ ಆಸೆ ಇರುತ್ತದೆ, ಇವನಿಗೆ ಏನಿದೆ ಎಂಬುದು ಅವರ ಲೆಕ್ಕಾಚಾರ. ಒಮ್ಮೆ ಒಂದೇ ಮೀನಿನಲ್ಲಿ ಇಬ್ಬರ ಗಾಳ ಸಿಕ್ಕಿ, ಇಮಾಮ್ ಸಾಬರೂ ಕೊಂಡಜ್ಜಿಯ ಲಿಂಗಣ್ಣನೂ ಜಗಳಕ್ಕೆ ನಿಂತಾಗ, ತಲೆಯನ್ನು ಉದ್ದಕ್ಕೆ ಸೀಳಿಸಿ ಒಬ್ಬೊಬ್ಬರಿಗೆ ಒಂದೊಂದು ಕಣ್ಣು ಕೊಡಿಸಿದ್ದೆ. ಅವತ್ತಿನಿಂದ ನನ್ನ ಹೆಸರು ಸೇತುವೆಯ ಆಚೆಗೂ ಹೋಯಿತು.

ಇಷ್ಟೆಲ್ಲ ಹೇಳಿದ್ದು ಉಚ್ಚೆಂಗಪ್ಪನ ವಿಚಾರ ಹೇಳುವುದಕ್ಕೆ.

ಉಚ್ಚೆಂಗಪ್ಪ ಲೋಕಿಕೆರೆಯವನು. ಅಣ್ಣತಮ್ಮಂದಿರು ಹೊಲ ನೋಡಿಕೊಂಡರು, ಇವನು ದಾವಣಗೆರೆಯ ಬಟ್ಟೆ ಮಿಲ್ಲಿಗೆ ಸೇರಿದ. ಅಲ್ಲಿ ಹಾಸುನೂಲಿಗೆ ಗಂಜಿ ಹಾಕುವ ಖಾತೆಯಲ್ಲಿ ಕೆಲಸ. ದೊಡ್ಡ ಕಡಾಯಿಯಲ್ಲಿ ಗಂಜಿ ಕುದಿಯುತ್ತಿರುತ್ತದಂತೆ, ನೂಲು ಅದರಲ್ಲಿ ಮುಳುಗಿ, ಬಿಸಿ ಉರುಳೆಯ ಮೇಲೆ ಒಣಗಿ, ಸೆಟೆದುಕೊಂಡು ಹೊರಗೆ ಬರುತ್ತದಂತೆ. ಸೆಟೆದುಕೊಳ್ಳುವ ಗುಣ ಅವನಿಗೂ ಅಲ್ಲಿಂದಲೇ ಅಂಟಿತೋ, ಹುಟ್ಟಿನಿಂದಲೇ ಇತ್ತೋ ನಾ ಕಾಣೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಒಮ್ಮೆ ‘ಇವತ್ತು ಮಳೆ ಬರಲ್ಲ’ ಎಂದು ನನ್ನೆದುರು ಪಣ ಕಟ್ಟಿ, ಮಧ್ಯಾಹ್ನ ತೊಪ್ಪೆಯಾಗಿ ನೆನೆದು ಅಂಗಡಿಗೆ ಓಡಿ ಬಂದ. ‘ಏನಪ್ಪ ಇದು?’ ಎಂದೆ. ‘ಇದು ಮಳೆ ಅಲ್ರಿ ಸಾವ್ಕಾರ್ರೆ, ಮೋಡ ಸೋರ್ತಾ ಐತೆ’ ಎಂದು ಮುಖ ಒರೆಸಿಕೊಂಡ. ಅಂಥವನ ಜೊತೆ ಸಂಸಾರ ಮಾಡಿದ ಅಂಜಿನವ್ವನಿಗೆ ಕೈ ಮುಗಿಯಬೇಕು. ಅವಳು ಮಾತಿಗೆ ಮಾತು ಕೊಡುತ್ತಿರಲಿಲ್ಲ, ಸುಮ್ಮನೆ ನಗುತ್ತಿದ್ದಳು.

ಮಿಲ್ಲಿಗೆ ರಜೆ ಬಂದ ದಿನ ಬೆಳಗಾಗುವುದರೊಳಗೆ ಸೈಕಲ್ಲಿಗೆ ಗಾಳದ ಕೋಲು ಕಟ್ಟಿಕೊಂಡು ಹರಿಹರಕ್ಕೆ ಬಂದುಬಿಡುತ್ತಿದ್ದ. ದಿನವಿಡೀ ಆ ಮಗ್ಗಗಳ ಸದ್ದು ಕೇಳಿದವನಿಗೆ ಹೊಳೆಯ ದಂಡೆ ಬೇಕಿತ್ತೇನೋ. ಬಂದವನೇ ನೀರಿಗೆ ಇಳಿಯುತ್ತಿರಲಿಲ್ಲ, ಮಸೀದಿಯ ಹಿಂದಿನ ಓಣಿಗೆ ಹೋಗಿ ಹಯಾತ್ ಸಾಬರನ್ನು ಎಬ್ಬಿಸಿಕೊಂಡೇ ಬರುತ್ತಿದ್ದ.

ಹಯಾತ್ ಸಾಬ್ ಎತ್ತಿಗೆ ಲಾಳ ಕಟ್ಟುವವರು. ಕೊಂಡಜ್ಜಿ, ನಂದಿಗುಡಿ ಕಡೆಯ ಗಾಡಿಗಳೆಲ್ಲ ಅವರ ಮನೆಯ ಮುಂದೆಯೇ ನಿಲ್ಲುತ್ತಿದ್ದವು. ಸಣ್ಣ ಮೈಕಟ್ಟು, ಕಡಿಮೆ ಮಾತು. ಕಬ್ಬಿಣದ ಹದ ಅವರಿಗೆ ಕಣ್ಣಲ್ಲೇ ತಿಳಿಯುತ್ತಿತ್ತು. ಲಾಳದ ಕೆಲಸ ಮುಗಿದ ಮೇಲೆ ಉಳಿದ ಕೆಂಡದಲ್ಲಿ ಅವರು ಗಾಳ ಮಾಡುತ್ತಿದ್ದರು. ಗೋಣಿಚೀಲ ಹೊಲಿಯುವ ದಬ್ಬಣವನ್ನು ಕೆಂಪಗೆ ಕಾಸಿ, ಬಗ್ಗಿಸಿ, ತುದಿಯ ಹಿಂದೆ ಅರದಿಂದ ಮುಳ್ಳು ಎಬ್ಬಿಸಿ, ಮತ್ತೆ ಕಾಸಿ ಎಣ್ಣೆಗೆ ಅದ್ದುವುದು. ದಬ್ಬಣಕ್ಕೆ ಕಣ್ಣು ಮೊದಲೇ ಇರುತ್ತದಲ್ಲ, ದಾರ ಕಟ್ಟಲು ಅದೇ ಆಯಿತು. ಆ ಕಣ್ಣಿನ ಕೆಳಗೆ ಅರದಿಂದ ಜೋಡಿ ಗೀರು ಎಳೆದರೆ ಅದು ಹಯಾತ್ ಸಾಬರ ಗಾಳ. ದಂಡೆಯ ಅರ್ಧ ಮಂದಿಯ ದಾರದ ತುದಿಯಲ್ಲಿ ಆ ಜೋಡಿ ಗೀರು ಇರುತ್ತಿತ್ತು.

ಆ ದಬ್ಬಣಗಳು ಎಲ್ಲಿಂದ ಬರುತ್ತಿದ್ದವು ಎಂದು ಕೇಳಿ. ನನ್ನ ಅಂಗಡಿಯಿಂದ. ದಾವಣಗೆರೆಯ ಭಟ್ಟಿಯಿಂದ ಮಂಡಕ್ಕಿ ಚೀಲ ಬಂದಾಗ ಹರಿದದ್ದನ್ನು ಹೊಲಿಯಲು ಒಂದು ದಬ್ಬಣವನ್ನು ಜಾಲಿ ಕಂಬಕ್ಕೆ ಚುಚ್ಚಿ ಇಟ್ಟಿರುತ್ತಿದ್ದೆ. ಉಚ್ಚೆಂಗಪ್ಪ ಚಾ ಕುಡಿಯುತ್ತ ಕಂಬಕ್ಕೆ ಒರಗುತ್ತಿದ್ದ, ಅವನು ಎದ್ದು ಹೋದ ಮೇಲೆ ದಬ್ಬಣ ಇರುತ್ತಿರಲಿಲ್ಲ. ‘ಲೇ, ನನ್ನ ದಬ್ಬಣ!’ ಎಂದು ನಾನು ಕೂಗುವುದು, ಹಯಾತ್ ಸಾಬರು ದೂರದಿಂದ ‘ಮೀನಿನ ಹೊಟ್ಟ್ಯಾಗೆ ಸಿಗ್ತೈತೆ ತಗೊಳ್ರಿ’ ಎನ್ನುವುದು, ಇದು ಪ್ರತಿ ಸಲದ ಪೂಜೆ. ನಾನು ಬೈಯುತ್ತಲೇ ಇನ್ನೊಂದನ್ನು ತಂದು ಚುಚ್ಚುತ್ತಿದ್ದೆ.

ಒಬ್ಬ ಗಾಳ ಮಾಡುತ್ತಿದ್ದ, ಒಬ್ಬ ಹುರಿ ಹೊಸೆಯುತ್ತಿದ್ದ. ಉಚ್ಚೆಂಗಪ್ಪ ಮಿಲ್ಲಿನ ನೂಲಿನ ತುಂಡುಗಳನ್ನು ತಂದು, ತೊಡೆಯ ಮೇಲೆ ಹೊಸೆದು, ಕರಿಜಾಲಿಯ ತೊಗಟೆ ಕುದಿಸಿದ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದ. ಕಷಾಯ ಕುಡಿದ ಹುರಿ ಕಪ್ಪಗಾಗುತ್ತದೆ, ನೀರಲ್ಲಿ ಬೇಗ ಕೊಳೆಯುವುದಿಲ್ಲ. ಇಬ್ಬರೂ ಒಂದೇ ಬಂಡೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಮಧ್ಯಾಹ್ನ ಅಂಜಿನವ್ವನ ರೊಟ್ಟಿ, ಹಯಾತ್ ಸಾಬರ ಮನೆಯ ಚಟ್ನಿ. ಸಣ್ಣ ಮೀನನ್ನು ಅಲ್ಲೇ ಸುಟ್ಟುಕೊಳ್ಳುವಾಗ ಮಾತ್ರ ನಾನು ಗಾಳಿ ಬೀಸುವ ಕಡೆ ನೋಡಿ ಜಾಗ ಬದಲಿಸುತ್ತಿದ್ದೆ. ಅಂಥ ದಿನಗಳು ಎಷ್ಟು ಸುಖವಾಗಿದ್ದವು ಎಂದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ಐವತ್ತೆಂಟನೇ ಇಸವಿಯಲ್ಲಿ, ಮಳೆಗಾಲ ಮುಗಿದು ಹೊಳೆಯ ಕೆಂಪು ನೀರು ತಿಳಿಯಾಗುವ ಹೊತ್ತಿಗೆ, ಉಚ್ಚೆಂಗಪ್ಪ ಹೊಸ ಹುರಿ ತಂದ. ಕಪ್ಪು ಹುರಿ ಅಲ್ಲ, ಬೆಳ್ಳಗಿನ ಹುರಿ. ತೊಗಟೆ ಕುದಿಸುವ ರಗಳೆ ಯಾಕೆ ಎಂದು ಮಿಲ್ಲಿನ ಗಂಜಿಯಲ್ಲೇ ಅದ್ದಿ ಒಣಗಿಸಿದ್ದ. ತಂತಿಯ ಹಾಗೆ ಸೆಟೆದು ನಿಂತಿತ್ತು, ಹೊಳೆಯುತ್ತಿತ್ತು. ಎಲ್ಲರ ಮುಂದೆ ಹಿಡಿದು ತೋರಿಸಿದ. ಹಯಾತ್ ಸಾಬರು ಎರಡು ಬೆರಳಲ್ಲಿ ಉಜ್ಜಿ ನೋಡಿ, ‘ಇದು ಧೋತ್ರಕ್ಕೆ ಚಂದ ಉಚ್ಚೆಂಗಾ, ಹೊಳೆಗಲ್ಲ. ನೆನೆದ್ರೆ ಬತ್ತಿ ಆಗ್ತೈತೆ. ತೊಗಟೆ ನೀರಾಗೆ ಅದ್ದು’ ಎಂದರು.

‘ನೂಲಿನ ವಿಷಯ ಮಿಲ್ಲಿನವನಿಗೆ ಹೇಳಿಕೊಡ್ತೀಯಾ? ನೀನು ಎತ್ತಿನ ಕಾಲು ನೋಡ್ಕೋ ಹೋಗು’ ಎಂದ ಉಚ್ಚೆಂಗಪ್ಪ. ನಗುತ್ತಲೇ ಹೇಳಿದ, ಅವರೂ ನಕ್ಕರು. ಅವರದೇ ಹೊಸ ದಬ್ಬಣದ ಗಾಳವನ್ನು ಆ ಬಿಳಿ ಹುರಿಗೆ ಕಟ್ಟಿ, ಜೀವಂತ ಸಣ್ಣ ಮೀನೊಂದನ್ನು ಚುಚ್ಚಿ, ಮಡುವಿಗೆ ಬಿಟ್ಟ.

ಹೊತ್ತು ಇಳಿಯುವಾಗ ನೀರ ಮೇಲೆ ತೇಲುತ್ತಿದ್ದ ಬೆಂಡು ಒಮ್ಮೆಗೇ ಮಾಯವಾಯಿತು. ಕೋಲು ಬಿಲ್ಲಿನಂತೆ ಬಗ್ಗಿತು. ‘ಬಾಳೆಮೀನು!’ ಎಂದು ಯಾರೋ ಕೂಗಿದರು. ಬಾಳೆಮೀನು ಎಂದರೆ ನಮ್ಮ ಹೊಳೆಯ ಹುಲಿ. ಅಗಲ ಬಾಯಿ, ಬಾಯಿ ತುಂಬ ಸಣ್ಣ ಹಲ್ಲು. ಎಲ್ಲರೂ ತಮ್ಮ ತಮ್ಮ ಕೋಲು ಬಿಟ್ಟು ಓಡಿ ಬಂದರು, ನಾನೂ ಚಾ ಪಾತ್ರೆ ಒಲೆಯ ಮೇಲೆ ಬಿಟ್ಟು ಓಡಿದೆ. ಉಚ್ಚೆಂಗಪ್ಪ ದಂಡೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಒದ್ದಾಡಿದ. ಹಯಾತ್ ಸಾಬರು ಸೊಂಟದ ಮಟ ನೀರಿಗೆ ಇಳಿದು, ಕಿವಿರಿಗೆ ಕೈ ಹಾಕಲು ಕಾದು ನಿಂತರು. ಅದು ದಡಕ್ಕೆ ಬಂತು. ಒಮ್ಮೆ ಮಗ್ಗುಲಾಗಿ ಹೊರಳಿತು. ಬಾಗಿಲ ಹಲಗೆಯಷ್ಟು ಉದ್ದ, ನಾನೇ ಕಣ್ಣಾರೆ ಕಂಡೆ. ಹಯಾತ್ ಸಾಬರ ಕೈ ಅದರ ಮೈಗೆ ತಾಗಿತು ಕೂಡ. ಅಷ್ಟರಲ್ಲಿ ಉಚ್ಚೆಂಗಪ್ಪ ಧೊಪ್ಪೆಂದು ಹಿಂದಕ್ಕೆ ಕೂತ. ಹುರಿ ಸಡಿಲವಾಗಿ ಗಾಳಿಯಲ್ಲಿ ಹಾರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೀನು ತಪ್ಪಿಸಿಕೊಂಡರೆ ದಂಡೆಯಲ್ಲಿ ಹತ್ತು ಮಾತು, ನಾಲ್ಕು ನಗೆ, ಅಲ್ಲಿಗೆ ಮುಗಿಯುತ್ತದೆ. ಅವತ್ತು ಮುಗಿಯಲಿಲ್ಲ. ಉಚ್ಚೆಂಗಪ್ಪ ಎದ್ದವನೇ ಹುರಿಯನ್ನು ಮುಷ್ಟಿಯೊಳಗೆ ಸುತ್ತಿಕೊಂಡು ಜೇಬಿಗೆ ತುರುಕಿದ. ಅದರ ತುದಿ ಹೇಗಿತ್ತೆಂದು ಯಾರೂ ನೋಡಲಿಲ್ಲ.

‘ಗಾಳದ ಕಣ್ಣು ಮುರೀತು’ ಎಂದ.

ಹಯಾತ್ ಸಾಬರು ನೀರಿನಿಂದ ಮೇಲೆ ಬಂದರು. ‘ನನ್ನ ಗಾಳ ಮುರಿಯಲ್ಲ. ಹುರಿ ತೋರಿಸು.’

‘ಹುರಿ ಯಾಕ ತೋರಿಸ್ಲಿ? ಕಣ್ಣು ಮುರೀತು ಅಂದ್ನೆಲ್ಲ. ನಿನ್ನ ಕೈಯ ಹದ ತಪ್ಪೈತೆ ಹಯಾತು, ಒಪ್ಕೋ.’

ಲಾಳದ ಮೊಳೆಗೆ ಕಾಲು ಕೊಡುವ ಎತ್ತುಗಳ ಯಜಮಾನರು ಅಲ್ಲೇ ನಿಂತಿದ್ದರು. ಕಬ್ಬಿಣ ಕಾಸುವವನಿಗೆ ಹದ ತಪ್ಪಿದೆ ಎನ್ನುವುದಕ್ಕಿಂತ ಕೆಟ್ಟ ಬೈಗುಳ ಇನ್ನೊಂದಿಲ್ಲ. ಹಯಾತ್ ಸಾಬರ ಮುಖ ಬೂದಿಯಾಯಿತು. ಇಬ್ಬರೂ ನನ್ನ ಅಂಗಡಿಗೆ ಬಂದರು. ‘ನೀವೇ ನ್ಯಾಯ ಹೇಳ್ರಿ ಸಾವ್ಕಾರ್ರೆ’ ಎಂದರು ಹಯಾತ್ ಸಾಬ್. ನಾನು ಉಚ್ಚೆಂಗಪ್ಪನಿಗೆ, ‘ಹುರಿ ತೆಗಿಯಪ್ಪ, ನೋಡಾನ’ ಎಂದೆ. ಅವನು ಜೇಬಿನಿಂದ ಕೈ ತೆಗೆಯಲಿಲ್ಲ. ‘ಗಾಳ ನೋಡ್ದೆ ನ್ಯಾಯ ಇಲ್ಲ, ಗಾಳ ಮೀನಿನ ಬಾಯಾಗೈತೆ’ ಎಂದು ನಾನು ಕೈ ಚೆಲ್ಲಿದೆ. ಅಷ್ಟು ಹೊತ್ತಿಗೆ ಒಲೆಯ ಮೇಲಿನ ಚಾ ಸೀದು ಹೋಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಬ್ಬ ‘ಹದ ತಪ್ಪಿದೆ’ ಎಂದರೆ ಹತ್ತು ಮಂದಿ ತಮ್ಮ ಗಾಳವನ್ನು ಬಿಸಿಲಿಗೆ ಹಿಡಿದು ನೋಡತೊಡಗುತ್ತಾರೆ. ಅಂಥ ಹೊತ್ತಿಗೇ ದಾವಣಗೆರೆಯ ಪೇಟೆಗೆ ಯಂತ್ರದಲ್ಲಿ ಮಾಡಿದ ಗಾಳಗಳೂ ಬಂದವು, ಹೊಳೆಯುವ ಕಾಗದದ ಪೊಟ್ಟಣದಲ್ಲಿ. ದಬ್ಬಣದ ಗಾಳ ಕೇಳುವವರು ಕಡಿಮೆಯಾದರು. ಕೇಳಿದವರಿಗೂ ಹಯಾತ್ ಸಾಬರು ಕೊಡಲಿಲ್ಲ. ‘ಹದ ತಪ್ಪಿದ ಕೈಲಿ ಯಾಕ ಮಾಡ್ಲಿ?’ ಎಂದು ಕೆಂಡಕ್ಕೆ ನೀರು ಹಾಕಿ ಏಳುತ್ತಿದ್ದರು. ಹೊಳೆಗೂ ಬರುವುದನ್ನು ಬಿಟ್ಟರು. ಬೇರೆಯವರ ಮೇಲೆ ಸಿಟ್ಟು ಮಾಡುವವರನ್ನು ಸಮಾಧಾನ ಮಾಡಬಹುದು. ಇವರು ತಮ್ಮ ಕೈಯ ಮೇಲೇ ಅನುಮಾನಪಟ್ಟು ಕೂತರು.

ನನ್ನ ಕಂಬದ ದಬ್ಬಣ ಕಂಬದಲ್ಲೇ ಉಳಿಯಿತು. ಕದಿಯುವವರಿಲ್ಲ. ಬೆಳಗ್ಗೆ ಅಂಗಡಿ ತೆರೆದು ಅದು ಅಲ್ಲೇ ಇರುವುದನ್ನು ನೋಡಿದರೆ ನನಗೆ ಉಚ್ಚೆಂಗಪ್ಪನ ಮೇಲೆ ಕೆಂಡದಂಥ ಕೋಪ ಬರುತ್ತಿತ್ತು. ಹರಿದ ಚೀಲ ಹೊಲಿಯಲು ಕೂಡ ಅದನ್ನು ಕೀಳಲು ಮನಸ್ಸು ಬರದೆ ಬೇರೆ ತಂದುಕೊಂಡೆ.

ಉಚ್ಚೆಂಗಪ್ಪ ಮಾತ್ರ ಬರುತ್ತಲೇ ಇದ್ದ. ಬಂಡೆಯ ಮೇಲೆ ಒಬ್ಬನೇ ಕೂರುತ್ತಿದ್ದ, ಹಿಂದೆ ಒರಗಲು ಬೆನ್ನಿಲ್ಲ. ಪೇಟೆಯ ಗಾಳಗಳು ದೊಡ್ಡ ಮೀನಿಗೆ ನೆಟ್ಟಗಾಗಿಬಿಡುತ್ತಿದ್ದವು, ಅವನು ಅದನ್ನು ಯಾರಿಗೂ ತೋರಿಸದೆ ನೀರಿಗೆ ಎಸೆಯುತ್ತಿದ್ದ. ಬಿಳಿ ಹುರಿ ಮತ್ತೆ ಕಾಣಲಿಲ್ಲ. ಸದ್ದಿಲ್ಲದೆ ತೊಗಟೆಯ ಕಪ್ಪು ಹುರಿಗೆ ತಿರುಗಿದ್ದ. ನಾನು ಅದನ್ನು ಗಮನಿಸಿದೆ ಎಂದು ಅವನಿಗೂ ಗೊತ್ತಿತ್ತು. ಚಾ ಲೋಟ ಕೆಳಗಿಡುತ್ತ ಒಮ್ಮೊಮ್ಮೆ, ಎಲ್ಲೋ ನೋಡಿಕೊಂಡು, ‘ಲಾಳದ ಓಣಿ ಕಡೆ ಹೋಗಿದ್ರೇನ್ರಿ?’ ಎನ್ನುತ್ತಿದ್ದ. ‘ನಿನಗ್ಯಾಕ ಅದು?’ ಎಂದರೆ, ‘ಸುಮ್ನೆ ಕೇಳ್ದೆ’ ಎಂದು ಎದ್ದು ಹೋಗುತ್ತಿದ್ದ.

ದಾವಣಗೆರೆಗೆ ಮಂಡಕ್ಕಿ ತರಲು ಹೋದಾಗ ಒಮ್ಮೆ ಅವನ ಮನೆಯ ಮುಂದೆ ಹಾದು ಹೋದೆ. ಅಂಜಿನವ್ವ ಕರೆದು ಜಗಲಿಯ ಮೇಲೆ ಕೂರಿಸಿದಳು. ‘ಅಣ್ಣಾರೆ, ಆ ಹುರಿ ನಾನೇ ನೋಡೀನಿ’ ಎಂದಳು ಮೆಲ್ಲಗೆ. ‘ಅವತ್ತು ಅಂಗಿ ಒಗ್ಯಾಕೆ ತಗೊಂಡ್ರೆ ಜೇಬಿನಾಗೆ ಸಿಕ್ತು. ತುದಿ ಅಂಬೋದು ಬಿಚ್ಚಿ ಎಳೆ ಎಳೆ ಆಗಿತ್ತು. ಹುರೀದೇ ತಪ್ಪು, ಸಾಬಣ್ಣಾರಿಗೆ ಹೇಳಿಬಿಡ್ರಿ ಅಂದೆ. ಮೂರು ದಿನ ನನ್ನ ಕೂಡೆ ಮಾತಾಡ್ಲಿಲ್ಲ. ಮಾತು ಬಿಟ್ರೆ ಬಿಡ್ಲಿ, ರಾತ್ರಿ ನಿದ್ದಿನೂ ಮಾಡಲ್ರಿ.’ ಅವಳು ಅವತ್ತು ನಗಲಿಲ್ಲ. ನಾನೇ ಹೋಗಿ ಹಯಾತ್ ಸಾಬರಿಗೆ ಹೇಳಬಹುದಿತ್ತು ಎನ್ನುತ್ತೀರಿ. ಹೇಳಿದೆ. ಅವರು ಎತ್ತಿನ ಗೊರಸು ಕೆರೆಯುತ್ತಲೇ ಕೇಳಿ, ‘ಹೇಳಿದವ ಬಂದು ಹೇಳ್ಲಿ ಬಿಡ್ರಿ’ ಎಂದರು.

ಅರವತ್ತರ ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಷ್ಟೇ ಉಳಿದವು. ಒಂದು ಭಾನುವಾರ ಮಧ್ಯಾಹ್ನ ಬಿಸಿಲಿಗೆ ದಂಡೆಯಲ್ಲಿ ನರಪಿಳ್ಳೆ ಇರಲಿಲ್ಲ. ನಾನು ಮಂಡಕ್ಕಿ ಚೀಲಕ್ಕೆ ಒರಗಿ ತೂಕಡಿಸುತ್ತಿದ್ದೆ. ಉಚ್ಚೆಂಗಪ್ಪ ಹೆಗಲ ಮೇಲೆ ಒದ್ದೆ ಗೋಣಿ ಹೊತ್ತು ಬಂದು ಅಂಗಡಿಯ ಹೊರಗೆ ನಿಂತ. ಅವನ ಮುಖ ನೋಡಿ ಯಾರೋ ಸತ್ತಿದ್ದಾರೆ ಎಂದುಕೊಂಡೆ.

‘ಒಂದೀಟು ಹೊರಗೆ ಬರ್ರಿ’ ಎಂದ.

ಗೋಣಿ ಬಿಚ್ಚಿದ. ಬಾಳೆಮೀನು. ಉದ್ದಕ್ಕೆ ಹಲಗೆಯಂತಿತ್ತು, ಆದರೆ ಹೊಟ್ಟೆ ಒಳಗೆ ಹೋಗಿತ್ತು, ಮೈಗಿಂತ ತಲೆಯೇ ದೊಡ್ಡದಾಗಿ ಕಾಣುತ್ತಿತ್ತು. ಅವನು ಅದರ ದವಡೆಯನ್ನು ಅಗಲಿಸಿ ಹಿಡಿದ. ಎಡಗಡೆಯ ಮೂಲೆಯಲ್ಲಿ ನಿಂಬೆಕಾಯಿಯಷ್ಟು ಗಂಟು. ಮಾಂಸ ಬೆಳೆದು, ಗಟ್ಟಿಯಾಗಿ, ಏನನ್ನೋ ನುಂಗಿ ಕೂತಿತ್ತು. ಆ ಗಂಟಿನಿಂದ ಕಬ್ಬಿಣದ ತುಂಡೊಂದು ಹೊರಗೆ ಚಾಚಿತ್ತು, ತುಕ್ಕು ಹಿಡಿದು ಸವೆದಿತ್ತು. ಅದರ ತುದಿಯಲ್ಲಿ ದಬ್ಬಣದ ಕಣ್ಣು. ಎಲ್ಲೂ ಮುರಿದಿಲ್ಲ, ಬಿರುಕಿಲ್ಲ. ಉಚ್ಚೆಂಗಪ್ಪ ಹೆಬ್ಬೆರಳಿನಿಂದ ತುಕ್ಕು ಉಜ್ಜಿದ. ಜೋಡಿ ಗೀರು ಕಂಡಿತು. ಆ ಗೀರಿನ ಗಾಳ ಹೊತ್ತು ತಪ್ಪಿಸಿಕೊಂಡ ಇಷ್ಟು ದೊಡ್ಡ ಬಾಳೆಮೀನು ನಮ್ಮ ದಂಡೆಯಲ್ಲಿ ಅದೊಂದೇ.

‘ಒಂದೂವರೆ ವರ್ಷದಿಂದ ಅರ್ಧ ಬಾಯಾಗೆ ಉಂಡೈತ್ರಿ ಇದು’ ಎಂದ. ಅವನ ದನಿ ಬೇರೆಯಾಗಿತ್ತು.

ಆಮೇಲೆ ಸೊಂಟದಿಂದ ಚಾಕು ತೆಗೆದ. ಹೊಳೆಯ ಕಡೆ ನೋಡಿದ, ದಾರಿಯ ಕಡೆ ನೋಡಿದ. ‘ಯಾರೂ ನೋಡಿಲ್ಲ’ ಎಂದ, ನನಗೆ ಹೇಳಿದನೋ ತನಗೆ ಹೇಳಿಕೊಂಡನೋ. ಗಂಟು ಕೊಯ್ದು ಗಾಳವನ್ನು ಮಡುವಿಗೆ ಎಸೆದರೆ ಮುಗಿಯಿತು. ನನ್ನ ಬಾಗಿಲಿನ ಸರಕ್ಕೆ ಇನ್ನೊಂದು ತುಕ್ಕು ಗಾಳ ಕೂಡ ಸೇರುವುದಿಲ್ಲ. ನನಗೆ ತಡೆಯಲಾಗಲಿಲ್ಲ. ‘ಉಚ್ಚೆಂಗಪ್ಪ, ನಾನು ಕುರುಡ ಅಲ್ಲ’ ಎಂದೆ.

‘ನಿಮಗೆ ಹೇಳ್ಲಿಲ್ರಿ’ ಎಂದು ಅವನು ಅಲ್ಲೇ ನೆಲದ ಮೇಲೆ ಕೂತ. ನೀರು ಕೇಳಿ ಕುಡಿದ. ಬಹಳ ಹೊತ್ತು ಮೀನಿನ ಬಾಯಿಯನ್ನೇ ನೋಡಿದ. ಕೊನೆಗೆ, ‘ಇದರ ತಲೆಪಾಲು ಯಾರಿಗೆ ಹೋಗ್ಬೇಕ್ರಿ?’ ಎಂದ.

ನಾನು ಕಟ್ಟಳೆ ಹೇಳಿದೆ. ‘ಗಾಳ ಯಾರ ಹುರಿಗೆ ಕಟ್ಟಿತ್ತೋ ಅವನಿಗೆ. ಅವತ್ತು ಹುರಿ ನಿಂದು. ಮೀನೂ ನಿಂದು, ತಲೆನೂ ನಿಂದು. ಯಾರಿಗೂ ಏನೂ ಕೊಡಂಗಿಲ್ಲ.’ ಸಿಟ್ಟಿನಲ್ಲೇ ಹೇಳಿದೆ. ತಪ್ಪಿಸಿಕೊಳ್ಳುವುದಾದರೆ ದಾರಿ ಅಗಲವಾಗಿಯೇ ಇತ್ತು, ಹೋಗಲಿ ಎನಿಸಿತ್ತು.

‘ಹಂಗಾದ್ರೆ ನಿಮ್ಮ ಕಟ್ಟಳೆ ಸರಿ ಇಲ್ರಿ ಸಾವ್ಕಾರ್ರೆ’ ಎಂದು ಅವನು ಎದ್ದ. ಚಾಕುವನ್ನು ಒರೆಗೆ ಹಾಕಿದ. ‘ಹುರಿ ಕಟ್ಟಿದವನದಲ್ಲ, ಮಾಡಿದವನದು ಗಾಳ. ಅಂಗಡಿ ಬಾಗಿಲು ಹಾಕ್ರಿ, ನೀವೂ ಬರ್ರಿ. ಒಬ್ಬನೇ ಹೋಗಾಕೆ ನನ್ನ ಕೈಲಿ ಆಗಲ್ಲ.’

ಉಚ್ಚೆಂಗಪ್ಪನ ಬಾಯಿಂದ ‘ನನ್ನ ಕೈಲಿ ಆಗಲ್ಲ’ ಎಂಬ ಮಾತು ಅದೇ ಮೊದಲು ಕೇಳಿದ್ದು.

ಮಸೀದಿಯ ಹಿಂದಿನ ಓಣಿಯಲ್ಲಿ ಬೇವಿನ ಮರದ ಕೆಳಗೆ ಗಾಡಿಗಳು ನಿಂತಿದ್ದವು. ನಂದಿಗುಡಿಯವರ ಬಿಳಿ ಎತ್ತೊಂದನ್ನು ಮಗ್ಗುಲಿಗೆ ಕೆಡವಿ, ಕಾಲು ಕಟ್ಟಿದ್ದರು. ಹಯಾತ್ ಸಾಬರು ಮಂಡಿಯೂರಿ ಲಾಳಕ್ಕೆ ಮೊಳೆ ಬಡಿಯುತ್ತಿದ್ದರು. ಸುತ್ತ ಐದಾರು ಮಂದಿ. ಉಚ್ಚೆಂಗಪ್ಪ ಗೋಣಿಯನ್ನು ಇಳಿಸಿ ಎದುರಿಗೆ ನಿಂತ. ಅವರು ತಲೆ ಎತ್ತಿ ನೋಡಿ, ಮತ್ತೆ ಸುತ್ತಿಗೆಯ ಕಡೆ ತಿರುಗಿದರು.

‘ಹಯಾತು...’

‘ಎತ್ತು ಬಿದ್ದೈತೆ. ಮಾತಾಡ್ಬ್ಯಾಡ.’

ಉಚ್ಚೆಂಗಪ್ಪ ಬಿಸಿಲಲ್ಲೇ ನಿಂತ. ಉಳಿದ ಮೊಳೆಗಳೂ ಆದವು, ತುದಿ ಮಡಿಸಿದ್ದಾಯಿತು, ಹಗ್ಗ ಬಿಚ್ಚಿದರು, ಎತ್ತು ಮೈ ಕೊಡವಿಕೊಂಡು ಎದ್ದಿತು. ಅಲ್ಲಿಯವರೆಗೂ ಅವನು ಅಲುಗಲಿಲ್ಲ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಮಿಲ್ಲಿನಲ್ಲಿ ಸದ್ದಿನ ನಡುವೆ ಕೂಗಿ ರೂಢಿಯಾದ ಆ ದೊಡ್ಡ ಗಂಟಲಲ್ಲಿ ಹೇಳಿದ:

‘ಅವತ್ತಿನ ಮೀನು ಸಿಕ್ಕೈತೆ. ಗಾಳ ಬಾಯಾಗೇ ಐತೆ, ಕಣ್ಣು ಗಟ್ಟಿ ಐತೆ. ಹರಿದದ್ದು ನನ್ನ ಹುರಿ. ಗಂಜಿ ಹುರಿ. ನೀನು ಬ್ಯಾಡ ಅಂದಿದ್ದೆ. ನನಗೆ ಅವತ್ತೇ ಗೊತ್ತಿತ್ತು, ಸುಳ್ಳು ಹೇಳ್ದೆ. ನಿನ್ನ ಹದ ತಪ್ಪಿಲ್ಲ ಹಯಾತು.’

ಗಾಡಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಹಯಾತ್ ಸಾಬರು ಕೈ ಒರೆಸಿಕೊಂಡು ಬಂದು ಮೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಗೊರಸು ಕೆರೆಯುವ ಬಾಗುಗತ್ತಿಯನ್ನು ತೊಳೆದು, ಗಂಟಿನ ಸುತ್ತ ಮೆಲ್ಲಗೆ ಬಿಡಿಸಿ ಗಾಳ ಹೊರಗೆ ತೆಗೆದರು. ಬೆಳಕಿಗೆ ಹಿಡಿದು ಬಾಗು ನೋಡಿದರು, ಮುಳ್ಳು ನೋಡಿದರು. ಕಣ್ಣಿನೊಳಗೆ ಉಗುರು ಹಾಕಿ ತಿರುಗಿಸಿದರು. ಹೆರಿಗೆಯಾದ ಮನೆಯಲ್ಲಿ ಅಜ್ಜಿ ಕೂಸಿನ ಕೈಕಾಲು ನೋಡುವ ಹಾಗೆ ನೋಡಿದರು. ನನ್ನ ಕಣ್ಣು ಒದ್ದೆಯಾಯಿತು, ಬಿಸಿಲು ಜಾಸ್ತಿ ಎಂದು ಹೆಗಲ ವಸ್ತ್ರದಿಂದ ಒರೆಸಿಕೊಂಡೆ.

‘ಬಾಳೆಮೀನಿಗೆ ಹಲ್ಲಿಲ್ಲೇನೋ ಉಚ್ಚೆಂಗಾ?’ ಎಂದರು ಕೊನೆಗೆ. ‘ಕಡಕೊಂಡು ಹೋಗಿರ್ತೈತೆ. ಹುರಿನೂ ಅಲ್ಲ, ಗಾಳನೂ ಅಲ್ಲ.’

‘ಇಲ್ಲ, ಹುರಿ...’

‘ಹಲ್ಲು ಅಂದ್ನಲ್ಲ. ಇಲ್ಲೂ ವಾದ ಮಾಡ್ತೀಯಾ? ಒಳಗೆ ಬಾ.’

ಉಚ್ಚೆಂಗಪ್ಪ ಮೀನಿನ ಗೋಣಿ ಎತ್ತಿಕೊಂಡು ಅವರ ಹಿಂದೆ ಒಳಗೆ ಹೋದ. ಅವನನ್ನು ವಾದದಲ್ಲಿ ಸುಮ್ಮನಾಗಿಸಿದ್ದು ಅವರೊಬ್ಬರೇ.

ಅವತ್ತು ಆ ತಲೆಯನ್ನು ಹಯಾತ್ ಸಾಬರ ಮನೆಯಲ್ಲೇ ಸಾರು ಮಾಡಿದರು. ನನಗೆ ಜಗಲಿಯ ಮೇಲೆ ಚಾಪೆ ಹಾಕಿ, ಅವರ ಮನೆಯವರು ಬಾಳೆಹಣ್ಣು ಕಳಿಸಿದರು, ಸಿಪ್ಪೆ ಇರುವ ಹಣ್ಣಿಗೆ ಜಾತಿ ಇಲ್ಲವಲ್ಲ. ಬಾಗಿಲೊಳಗೆ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದುದು ಕಾಣುತ್ತಿತ್ತು. ಹಯಾತ್ ಸಾಬರು ಸಾರಿನಲ್ಲಿ ಬೆರಳಾಡಿಸಿ ಏನನ್ನೋ ಹುಡುಕಿ ತೆಗೆದರು. ದವಡೆಯ ಆ ಗಂಟು. ಬೆಂದರೂ ಮೆತ್ತಗಾಗಿರಲಿಲ್ಲ. ಎರಡೂ ಕೈ ಹಾಕಿ ಹಿಂಡಿ ಎರಡು ಪಾಲು ಮಾಡಿ, ಒಂದನ್ನು ಉಚ್ಚೆಂಗಪ್ಪನ ತಟ್ಟೆಗೆ ಹಾಕಿದರು, ಒಂದನ್ನು ತಾವು ಬಾಯಿಗೆ ಹಾಕಿಕೊಂಡರು. ಇಬ್ಬರೂ ಬಹಳ ಹೊತ್ತು ಅದನ್ನೇ ಅಗಿಯುತ್ತಿದ್ದರು.

ಕೈ ತೊಳೆದು ಹೊರಗೆ ಬಂದು ಹಯಾತ್ ಸಾಬರು ನನ್ನ ಪಕ್ಕ ಕೂತರು. ಮೀನಿನ ವಾಸನೆ ಗಮ್ಮೆಂದು ಬಂತು. ಅವತ್ತು ನಾನು ಜಾಗ ಬದಲಿಸಲಿಲ್ಲ.

‘ಸಾವ್ಕಾರ್ರೆ, ನಿಮ್ಮ ಅಂಗಡಿ ಕಂಬದಾಗೆ ಒಂದು ದಬ್ಬಣ ಇತ್ತಲ್ರಿ. ಇನ್ನೂ ಐತಾ?’

‘ಐತ್ರಿ’ ಎಂದೆ. ‘ತುಕ್ಕು ಹಿಡಿದೈತೆ.’

‘ಹಿಡೀಲಿ ಬಿಡ್ರಿ. ಕೆಂಡ ಇನ್ನೂ ಆರಿಲ್ಲ.’

ಉಚ್ಚೆಂಗಪ್ಪ ತರುತ್ತೇನೆಂದು ಏಳುತ್ತಿದ್ದ. ಅವನನ್ನು ಕೂರಿಸಿ ನಾನೇ ಓಡಿದೆ. ಧೋತ್ರ ಎತ್ತಿ ಕಟ್ಟಿಕೊಂಡು, ಚಪ್ಪಲಿಯನ್ನು ಅವರ ಜಗಲಿಯ ಕೆಳಗೇ ಮರೆತು, ಸೇತುವೆಯವರೆಗೆ ಓಡಿದೆ. ಕಂಬದಿಂದ ದಬ್ಬಣ ಸುಲಭಕ್ಕೆ ಬರಲಿಲ್ಲ, ಅಲುಗಾಡಿಸಿ ಕೀಳಬೇಕಾಯಿತು. ತಂದು ಅವರ ಕೈಗೆ ಕೊಟ್ಟೆ.

ಆ ದಬ್ಬಣವನ್ನು ಅವರು ನನಗೆ ವಾಪಸ್ಸು ಕೊಡಲಿಲ್ಲ. ಮುಂದಿನ ವಾರ ಹೊಸದೊಂದು ತಂದು ಕಂಬಕ್ಕೆ ಚುಚ್ಚಿದೆ. ಸಂಜೆ ನೋಡಿದರೆ ಅದೂ ಇರಲಿಲ್ಲ.